ಡಬ್ಬದ ತಳದ 2 ಮತ್ತು 5

ಪಾತ್ರೆ ತೊಳೆದು ಬೋರಲು ಹಾಕಿದ ಮೇಲೆ ಪ್ಲಾಸ್ಟಿಕ್ ಡಬ್ಬಗಳ ತಳ ನೋಡುವ ಚಟ ನನಗೆ. ತ್ರಿಕೋನದೊಳಗೆ 2 ಅಂತಿದ್ದರೆ ಎಚ್‌ಡಿಪಿಇ, ಅಂದರೆ ಹೆಚ್ಚು ಸಾಂದ್ರತೆಯ ಪಾಲಿಎಥಿಲೀನ್; 5 ಅಂತಿದ್ದರೆ ಪಾಲಿಪ್ರೊಪಿಲೀನ್. ನಿನ್ನೆ ಖಾಲಿ ಶಾಂಪೂ ಬಾಟಲಿಯಲ್ಲಿ 2 ಇತ್ತು, ಸಾಸಿವೆ ಡಬ್ಬದಲ್ಲಿ 5. ಎರಡಕ್ಕೂ ನಂಟಿರುವ ಊರೊಂದಿದೆ, ಅಮೆರಿಕದ ಓಕ್ಲಹೋಮಾದ ಬಾರ್ಟಲ್ಸ್‌ವಿಲ್.

1951ರಲ್ಲಿ ಅಲ್ಲಿನ ಫಿಲಿಪ್ಸ್ ಪೆಟ್ರೋಲಿಯಂ ಕಂಪನಿಯಲ್ಲಿ ಪಾಲ್ ಹೋಗನ್, ರಾಬರ್ಟ್ ಬ್ಯಾಂಕ್ಸ್ ಎಂಬ ಇಬ್ಬರು ಕೆಮಿಸ್ಟ್‌ಗಳು ಪ್ರೊಪಿಲೀನ್ ಅನಿಲದಿಂದ ಪೆಟ್ರೋಲ್ ಮಾಡಲು ಹೊರಟಿದ್ದರು. ಕ್ಯಾಟಲಿಸ್ಟ್, ಅಂದರೆ ಶಾಲೆಯಲ್ಲಿ ಓದಿದ ಕ್ರಿಯಾವರ್ಧಕ, ನಿಕಲ್ ಆಕ್ಸೈಡ್. ನೋಡೋಣ ಅಂತ ಅದಕ್ಕೆ ಒಂಚೂರು ಕ್ರೋಮಿಯಂ ಸೇರಿಸಿದರು. ದ್ರವದ ಜೊತೆ ಬಿಳೀ ಗಟ್ಟಿ ವಸ್ತುವೊಂದು ಬಂತು. ಗಣಪನನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗೆ! ಅದು ಪಾಲಿಪ್ರೊಪಿಲೀನ್.

ನಿಕಲ್ ಬಿಟ್ಟು, ಅದೇ ಕ್ರೋಮಿಯಂ ಮೇಲೆ ಎಥಿಲೀನ್ ಹಾಯಿಸಿದರೆ ಎಚ್‌ಡಿಪಿಇ ಬಂತು. ನನಗೆ ಜಾಸ್ತಿ ಇಷ್ಟವಾಗುವುದು ಇದೇ. ಅದಕ್ಕೂ ಮೊದಲು ಪಾಲಿಎಥಿಲೀನ್ ಮಾಡಲು ಸಾವಿರಕ್ಕೂ ಹೆಚ್ಚು ಪಟ್ಟು ಗಾಳಿಯೊತ್ತಡ ಬೇಕಿತ್ತು, ಆಗಲೂ ಅಣುಸರಪಳಿಗಳು ಮುಳ್ಳುಕೊಂಬೆಗಳ ಹಾಗೆ ಕವಲೊಡೆದು ಮೆತ್ತಗಿನ ಪ್ಲಾಸ್ಟಿಕ್ ಬರುತ್ತಿತ್ತು. ಕ್ರೋಮಿಯಂ ಕಡಿಮೆ ಒತ್ತಡದಲ್ಲೇ ನೆಟ್ಟಗಿನ ಸರಪಳಿ ಕಟ್ಟಿತು. ಕಬ್ಬಿನ ಜಲ್ಲೆ ಕಟ್ಟಿದಂತೆ ಒತ್ತೊತ್ತಾಗಿ ಕೂರುತ್ತವೆ, ಅದಕ್ಕೇ ಬಾಟಲಿ ಗಟ್ಟಿ. ಮೊದಮೊದಲು ಸರಿಯಾದ ದರ್ಜೆಯ ಮಾಲು ಬಾರದೆ ಗೋದಾಮಿನಲ್ಲಿ ರಾಶಿ ಬಿತ್ತಂತೆ, ಸೊಂಟದ ಸುತ್ತ ತಿರುಗಿಸುವ ಪ್ಲಾಸ್ಟಿಕ್ ಬಳೆ ಹೂಲಾ ಹೂಪ್‌ನ ಹುಚ್ಚು 1958ರಲ್ಲಿ ಹಬ್ಬಿ ಅದನ್ನೆಲ್ಲ ನುಂಗಿತು.

ಜಗಳ ಆಗಿದ್ದು 5ರ ಬಗ್ಗೆ. 1953ರ ಜನವರಿಯಲ್ಲಿ ಹೋಗನ್, ಬ್ಯಾಂಕ್ಸ್ ಪೇಟೆಂಟಿಗೆ ಅರ್ಜಿ ಹಾಕಿದ್ದರು. ಇಟಲಿಯ ಕೆಮಿಸ್ಟ್ ನಟ್ಟಾ ಕೂಡ, ಜರ್ಮನಿಯ ಕೆಮಿಸ್ಟ್ ಜೀಗ್ಲರ್ ಕಂಡುಹಿಡಿದ ಬೇರೊಂದು ಬಗೆಯ ಕ್ಯಾಟಲಿಸ್ಟ್ ಬಳಸಿ 1954ರಲ್ಲಿ ಇದನ್ನೇ ಮಾಡಿದ್ದರು. ಹಲವು ಕಂಪನಿಗಳು ನಾನು ಮೊದಲು ತಾನು ಮೊದಲು ಅಂತ ಕೋರ್ಟು ಹತ್ತಿದವು. ಜೀಗ್ಲರ್, ನಟ್ಟಾಗೆ 1963ರಲ್ಲೇ ನೊಬೆಲ್ ಬಂತು. ಹೋಗನ್, ಬ್ಯಾಂಕ್ಸ್ ಹೆಸರಿನಲ್ಲಿ ಅಮೆರಿಕದ ಪೇಟೆಂಟ್ ಸಿಕ್ಕಿದ್ದು 1983ರ ಮಾರ್ಚಿನಲ್ಲಿ, ಮೂವತ್ತು ವರ್ಷ!

ತಮಾಷೆ ಏನು ಗೊತ್ತಾ? ಪಾಲಿಪ್ರೊಪಿಲೀನ್ ಮಾಡೋಕೆ ಕ್ರೋಮಿಯಂ ಅಷ್ಟೇನೂ ಒಳ್ಳೆಯದಲ್ಲ. ಪೇಟೆಂಟ್ ಗೆದ್ದರೂ ಕಾರ್ಖಾನೆಗಳಲ್ಲಿ ಉಳಿದಿದ್ದು ಹೆಚ್ಚಾಗಿ ಜೀಗ್ಲರ್-ನಟ್ಟಾ ವಂಶದ್ದೇ. ಕ್ರೋಮಿಯಂ ಈಗಲೂ ದುಡಿಯುತ್ತಿರುವುದು 2ರಲ್ಲಿ. ಒಂದು ಚಿಟಿಕೆಗೆ ಎಷ್ಟೊಂದು ಪ್ಲಾಸ್ಟಿಕ್ ಬರುತ್ತದೆಂದರೆ, ಅದನ್ನು ಸೋಸಿ ತೆಗೆಯುವ ಗೋಜಿಗೇ ಹೋಗುವುದಿಲ್ಲ. ಕಣ್ಣಿಗೆ ಕಾಣದಷ್ಟು ಪುಡಿಯಾಗಿ ಪ್ಲಾಸ್ಟಿಕ್ಕಿನ ಒಳಗೇ ಉಳಿದುಬಿಡುತ್ತದೆ. ನನ್ನ ಶಾಂಪೂ ಬಾಟಲಿಯಲ್ಲೂ ಇದ್ದೀತು.