ಮೂರೂವರೆ ಹೆಜ್ಜೆಗೆ 63 ಗಂಟೆ

ಮುಂಬಯಿ ಪಕ್ಕದ ಠಾಣೆ ರೈಲ್ವೆ ಸ್ಟೇಷನ್ನಿನ 5ನೇ ಪ್ಲಾಟ್‌ಫಾರ್ಮಿಗೆ ಸಂಜೆ ಹೊತ್ತು ಇಳಿಯುವುದೇ ಒಂದು ವಿದ್ಯೆ. ಗಾಡಿ ನಿಲ್ಲುವ ಮೊದಲೇ ಚೀಲವನ್ನು ಎದೆಗೆ ಹಾಕಿಕೊಳ್ಳಬೇಕು. ಕೊಡೆಯ ತುದಿ ಕೆಳಗಿರಬೇಕು. ಚಪ್ಪಲಿಯ ಪಟ್ಟಿ ಗಟ್ಟಿ ಇದೆಯಾ ನೋಡಿಕೊಳ್ಳಬೇಕು. ಇಳಿದ ಮೇಲೆ ನಡೆಯುವ ಕೆಲಸವೇ ಇಲ್ಲ. ಹಿಂದಿನವರು ತಳ್ಳುತ್ತಾರೆ, ನಾವು ಮೆಟ್ಟಿಲವರೆಗೆ ತೇಲುತ್ತೇವೆ.

5 ಮತ್ತು 6 ಒಂದೇ ಪ್ಲಾಟ್‌ಫಾರ್ಮಿನ ಎರಡು ಬದಿ. ಎರಡೂ ಕಡೆ ಗಾಡಿ ಒಟ್ಟಿಗೆ ಬಂದರೆ ನಡುವಿನ ಜಾಗ ಸಾಲುವುದಿಲ್ಲ. ಅದರಲ್ಲೇ ಕಂಬ, ಮೆಟ್ಟಿಲು, ಬೆಂಚು. ದೂರದ ಊರಿಗೆ ಹೊರಟವರ ಟ್ರಂಕು ಬೇರೆ. ಇಪ್ಪತ್ತು ವರ್ಷದಿಂದ ನಾನು ಅಲ್ಲಿ ಇಳಿಯುತ್ತಿದ್ದೇನೆ. 2017ರ ಸೆಪ್ಟೆಂಬರ್ 29ರಂದು ಎಲ್ಫಿನ್‌ಸ್ಟನ್ ರೋಡ್ ಸ್ಟೇಷನ್ನಿನ ಸೇತುವೆಯಲ್ಲಿ ನೂಕುನುಗ್ಗಲಾಗಿ 23 ಜನ ಸತ್ತರಲ್ಲ, ಆಮೇಲೆ ನನಗೆ ಮೆಟ್ಟಿಲ ಬುಡ ಬಂದರೆ ಸಾಕು, ಎದೆ ಡವಡವ ಅನ್ನುತ್ತಿತ್ತು. ಅವತ್ತು ಬೆಳಿಗ್ಗೆ ಮಳೆ ಬಂತು, ಜನ ಸೇತುವೆ ಮೇಲೇ ನಿಂತರು. ಅಷ್ಟೇ ಆಗಿದ್ದು. ಹಾಗಾಗಿ 2024ರ ಮೇ ಕೊನೆಯಲ್ಲಿ ಈ ಪ್ಲಾಟ್‌ಫಾರ್ಮನ್ನು ಅಗಲ ಮಾಡುತ್ತಾರೆ, ಅದಕ್ಕೆ 63 ಗಂಟೆ ಬ್ಲಾಕ್, ಅಂದರೆ ಆ ಹಳಿಯಲ್ಲಿ ಗಾಡಿ ಓಡಾಟ ಬಂದ್, ಅಂತ ಸುದ್ದಿ ಬಂದಾಗ ಎಲ್ಲರೂ ಬೈದರು, ನಾನು ಬೈಯಲಿಲ್ಲ.

ಎಷ್ಟು ಅಗಲ? ಎರಡರಿಂದ ಮೂರು ಮೀಟರ್. "ಅಷ್ಟಕ್ಕೆ ಮೂರು ದಿನವಾ?" ಅಂದಳು ಹೆಂಡತಿ. ಅವಳಿಗೆ ಹೇಳಿದೆ, ಪ್ಲಾಟ್‌ಫಾರ್ಮನ್ನು ಅಗಲ ಮಾಡುವುದು ಅಂದರೆ ಮನೆ ಮುಂದಿನ ಜಗಲಿ ಕಟ್ಟಿದ ಹಾಗಲ್ಲ. ಜಾಗ ಬೇಕಾದರೆ ಪಕ್ಕದ ಹಳಿಯೇ ಸರಿಯಬೇಕು. ಹಳಿ ಸರಿದರೆ ಮೇಲಿನ ಕರೆಂಟಿನ ತಂತಿಯೂ ಸರಿಯಬೇಕು. ಆಮೇಲೆ ಖಾಲಿಯಾದ ಜಾಗಕ್ಕೆ ಮೊದಲೇ ಎರಕ ಹೊಯ್ದಿಟ್ಟ ಕಾಂಕ್ರೀಟ್ ಪೆಟ್ಟಿಗೆಗಳನ್ನು ತಂದು ಜೋಡಿಸಬೇಕು. ಅಲ್ಲೇ ಕಾಂಕ್ರೀಟ್ ಹಾಕಿ ಅದು ಒಣಗಲಿ ಅಂತ ಕಾಯುವುದಕ್ಕೆ ಈ ಊರಿನಲ್ಲಿ ಪುರುಸೊತ್ತಿಲ್ಲ. ಲೋಕಲ್ ಸುಮ್ಮನಿರುವುದೇ ನಡುರಾತ್ರಿಯ ಎರಡು ಮೂರು ಗಂಟೆ. ಬಾಕಿ ರಿಪೇರಿಯೆಲ್ಲ ಭಾನುವಾರದ ಮೆಗಾ ಬ್ಲಾಕಿನಲ್ಲಿ ನಡೆಯಬೇಕು.

ನಮ್ಮ ಠಾಣೆಯ ವಯಸ್ಸೂ ಕಮ್ಮಿಯೇನಲ್ಲ. 1853ರ ಏಪ್ರಿಲ್ 16ರಂದು ಮುಂಬಯಿಯ ಬೋರಿ ಬಂದರಿನಿಂದ ಹೊರಟ ಮೊದಲ ರೈಲು ಬಂದು ನಿಂತಿದ್ದು ಇಲ್ಲಿಗೇ. 34 ಕಿಲೋಮೀಟರ್, 14 ಬೋಗಿ, 400 ಅತಿಥಿಗಳು. ಈಗ ನನ್ನ ಒಂದು ಬೋಗಿಯಲ್ಲೇ ಅಷ್ಟು ಜನ ಇರುತ್ತಾರೇನೋ ಅಂತ ಒಮ್ಮೊಮ್ಮೆ ಅನಿಸುತ್ತದೆ.

ಬ್ಲಾಕ್ ಶುರುವಾದ ಶುಕ್ರವಾರ, ಮೇ 31, ನಾನು ರಜೆ ಹಾಕಿದೆ. ಶನಿವಾರ ಆಗಲಿಲ್ಲ. ತಿಂಗಳ ಮೊದಲ ದಿನ, ಕಸ್ಟಮ್ಸ್ ಕಾಗದ ಮುಗಿಸಬೇಕು. ಆದಷ್ಟು ಮನೆಯಿಂದಲೇ ಕೆಲಸ ಮಾಡಿಸಿ ಎಂದು ರೈಲ್ವೆಯವರು ಕಚೇರಿಗಳನ್ನು ಕೇಳಿಕೊಂಡಿದ್ದರು. ನಮ್ಮ ಸಾಹೇಬರು ಆ ಸುದ್ದಿ ಓದಿದಂತಿರಲಿಲ್ಲ. ಅವತ್ತು ಲೋಕಲಿನ ಕೊನೆಯ ಸ್ಟೇಷನ್ ಸಿಎಸ್‌ಎಂಟಿಯಲ್ಲೂ (ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್) ಬ್ಲಾಕ್. 24 ಬೋಗಿಯ ಗಾಡಿ ನಿಲ್ಲಲಿ ಅಂತ 10, 11ನೇ ಪ್ಲಾಟ್‌ಫಾರ್ಮುಗಳನ್ನು ಉದ್ದ ಮಾಡುವ ಕೆಲಸ. ಅದಕ್ಕೆ 36 ಗಂಟೆ. ಮೂರು ದಿನಕ್ಕೆ ಸೇರಿ 930 ಲೋಕಲ್ ರದ್ದು.

ಬೆಳಿಗ್ಗೆ ಸ್ಟೇಷನ್ನಿನಲ್ಲಿ ಸ್ಲೋ ಗಾಡಿಗೆ ಕಾಯುತ್ತಾ ನಿಂತಾಗ 5ನೇ ಪ್ಲಾಟ್‌ಫಾರ್ಮ್ ಕಡೆ ನೋಡಿದೆ. ದಿನಾ ನನ್ನನ್ನು ನುಂಗುವ ಜಾಗ ಅದು. ಈಗ ಅಲ್ಲಿ ಹೆಲ್ಮೆಟ್ ಹಾಕಿದ ಕೆಲಸದವರು. ಇಬ್ಬರು ಕಾಂಕ್ರೀಟ್ ಪೆಟ್ಟಿಗೆಯ ಅಂಚನ್ನು ಸಬ್ಬಲ್ಲಿನಿಂದ ಮೀಟಿ ಬೆರಳಷ್ಟು ಬೆರಳಷ್ಟೇ ಸರಿಸುತ್ತಿದ್ದರು. ಒಬ್ಬ ಕೂತು ಟಿಫಿನ್ ಬಿಚ್ಚಿದ್ದ. ರಾತ್ರಿ ಪಾಳಿಯವನಿರಬೇಕು, ತುತ್ತು ಬಾಯಿಗಿಡುವಾಗಲೇ ಕಣ್ಣು ಮುಚ್ಚಿ ಹೋಗುತ್ತಿತ್ತು. ಜೂನ್ ಒಂದರ ಸೆಕೆ. ಮಳೆ ಹಿಡಿಯುವುದರೊಳಗೆ ಮುಗಿಸಲೇಬೇಕು. ನನ್ನ ಪಕ್ಕದವನು ಮರಾಠಿಯಲ್ಲಿ ರೈಲ್ವೆಗೆ ಶಾಪ ಹಾಕುತ್ತಾ ಮೊಬೈಲಿನಲ್ಲಿ ಅವರದೇ ವಿಡಿಯೋ ಮಾಡುತ್ತಿದ್ದ.

ನನಗೆ ಸಿಕ್ಕ ಗಾಡಿ ಬೈಕುಲಾವರೆಗೆ ಮಾತ್ರ. ಒಳಗಿನ ಕಥೆ ಬೇಡ ಬಿಡಿ. ಬೈಕುಲಾದಲ್ಲಿ ಇಳಿದಾಗ ಬೆನ್ನಿನ ಬೆವರು ಪ್ಯಾಂಟಿಗೆ ಇಳಿದಿತ್ತು. ಆ ಹಳೇ ಸ್ಟೇಷನ್ ಕಟ್ಟಡ ಮಾತ್ರ ಚೆಂದ. ಅದನ್ನು ಹಿಂದಿನ ರೂಪಕ್ಕೇ ತಂದು ರಿಪೇರಿ ಮಾಡಿದ್ದಕ್ಕೆ 2022ರಲ್ಲಿ ಯುನೆಸ್ಕೋದ ಏಷ್ಯಾ-ಪೆಸಿಫಿಕ್ ಪುರಸ್ಕಾರವೂ ಬಂದಿದೆ. ಅವತ್ತು ಅದರತ್ತ ತಲೆ ಎತ್ತಿ ನೋಡಿದವರು ಯಾರೂ ಇರಲಿಲ್ಲ. ಎಲ್ಲರ ಕಣ್ಣೂ ರಸ್ತೆಯ ಮೇಲೆ, ಬಸ್ಸು ಬಂತಾ ಅಂತ.

ಬಂತು, ಕೆಂಪು ಬಸ್ಸು. ಹತ್ತಿದೆ. ಟಿಕೆಟ್ ಐದೇ ರೂಪಾಯಿ. 2019ರಲ್ಲಿ ಇಳಿಸಿದ ದರ ಆಗಿನ್ನೂ ಹಾಗೇ ಇತ್ತು. ಹತ್ತು ರೂಪಾಯಿ ಆಗಿದ್ದು 2025ರ ಮೇನಲ್ಲಿ. ಸಿಎಸ್‌ಎಂಟಿಗೆ ರೈಲಿನಲ್ಲಿ ಹತ್ತು ನಿಮಿಷವೂ ಬೇಡದ ನಾಲ್ಕು ಕಿಲೋಮೀಟರ್ ದಾರಿ. ಜೆ.ಜೆ. ಫ್ಲೈಓವರ್ ಕೆಳಗೆ, ಮೊಹಮ್ಮದ್ ಅಲಿ ರೋಡಿನಲ್ಲಿ ಬಸ್ಸು ನಿಂತೇ ಬಿಟ್ಟಿತು. ಆಫೀಸಿಗೆ ಫೋನ್ ಮಾಡಿ ತಡವಾಗುತ್ತದೆ ಎಂದೆ. ಆಮೇಲೆ ಊರಿಂದ ಅಮ್ಮನ ಫೋನು. ಮಾತು ಮುಗಿಸುವುದರೊಳಗೆ ಪಕ್ಕದ ಸೀಟಿನ ಹಿರಿಯರು ತಿರುಗಿದರು.

"ಊರು ಯಾವುದು ಮಾರಾಯ್ರೇ?"

"ಕುಂದಾಪುರದ ಹತ್ತಿರ. ನಿಮ್ಮದು?"

"ಕಾರ್ಕಳ. ಆದರೆ ಊರಿನಲ್ಲಿ ಇದ್ದದ್ದಕ್ಕಿಂತ ಬೈಕುಲಾದಲ್ಲಿ ಇದ್ದದ್ದೇ ಜಾಸ್ತಿ."

ಹನ್ನೆರಡನೇ ವಯಸ್ಸಿಗೆ ಹೋಟೆಲಿನಲ್ಲಿ ಲೋಟ ತೊಳೆಯಲು ಬಂದವರಂತೆ. ರಾತ್ರಿ ಶಾಲೆಯಲ್ಲಿ ಓದಿದ್ದು. 1964ರ ಮಾರ್ಚ್ 31ರ ರಾತ್ರಿ ಬೋರಿ ಬಂದರಿನಿಂದ ದಾದರ್‌ಗೆ ಕೊನೆಯ ಟ್ರಾಮ್ ಹೋದಾಗ ಹೋಟೆಲಿನ ಹುಡುಗರೆಲ್ಲ ರಸ್ತೆಗೆ ಓಡಿದ್ದರಂತೆ.

"ಬೇಜಾರಾಯ್ತಾ ಆವಾಗ?" ಅಂತ ಕೇಳಿದೆ.

"ಎಂತ ಬೇಜಾರು? ಅದು ಆಮೆಯ ಹಾಗೆ ಹೋಗ್ತಿತ್ತು. ತೊಲಗಿತಲ್ಲ, ಇನ್ನು ಬಸ್ಸು ಬೇಗ ಹೋಗ್ತದೆ ಅಂತ ನಾವು ಕುಣಿದದ್ದು." ಕಿಟಕಿಯ ಹೊರಗೆ ಕೈ ತೋರಿಸಿದರು. ನಮ್ಮ ಬಸ್ಸಿನ ಪಕ್ಕದಲ್ಲಿ ಕೈಗಾಡಿಯವನು ನಡೆದುಕೊಂಡೇ ಮುಂದೆ ಹೋಗುತ್ತಿದ್ದ. "ಬೇಗ ಹೋಯ್ತು ನೋಡಿ."

ನಗು ಬಂತು. ಟ್ರಾಮ್ ಹೋದರೂ ಹೆಸರು ಹೋಗಲಿಲ್ಲ. ದಾದರಿನ ಆ ಸರ್ಕಲ್ಲಿಗೆ ಕಂಡಕ್ಟರುಗಳು ಇವತ್ತಿಗೂ ಟಿ.ಟಿ. ಅನ್ನುತ್ತಾರೆ, ಟ್ರಾಮ್ ಟರ್ಮಿನಸ್. 2023ರ ಸೆಪ್ಟೆಂಬರಿನಲ್ಲಿ ಹಳೇ ಡಬಲ್ ಡೆಕ್ಕರಿನ ಕೊನೆಯ ಓಡಾಟಕ್ಕೂ ಹೀಗೇ ಜನ ಸೇರಿದರು, ಹಾರ ಹಾಕಿದರು, ಸೆಲ್ಫಿ ತೆಗೆದುಕೊಂಡರು. ನಾನೂ ಆ ಫೋಟೋ ನೋಡಿ ಕಣ್ಣೊರೆಸಿಕೊಂಡವನೇ. ಆದರೆ ಒಂದು ಕಾಲಕ್ಕೆ 4 ಸಾವಿರ ದಾಟಿದ್ದ ಬಸ್ಸುಗಳು 3 ಸಾವಿರದ ಆಸುಪಾಸಿಗೆ ಇಳಿದಿದ್ದು ಯಾವ ದಿನ? ಅವತ್ತು ಯಾರೂ ಸೇರಲಿಲ್ಲ. ಒಂದೊಂದೇ ಡಿಪೋದಿಂದ ಹೊರಡದೆ ನಿಂತುಬಿಟ್ಟರೆ ಗೊತ್ತಾಗುವುದಾದರೂ ಹೇಗೆ? ರೈಲು ನಿಂತ ಇಂಥ ದಿನ ಬೇಕು ಅದು ಲೆಕ್ಕಕ್ಕೆ ಸಿಗಲು. ಮುಂಬಯಿಯಲ್ಲಿ ಬಸ್ಸು ಅಂದರೆ ರೈಲಿನ ತಮ್ಮ. ಅಣ್ಣನಿಗೆ ಹುಷಾರಿಲ್ಲದಾಗ ಮಾತ್ರ ನೆನಪಾಗುತ್ತಾನೆ.

ಕ್ರಾಫರ್ಡ್ ಮಾರ್ಕೆಟ್ ಹತ್ತಿರ ಹಿರಿಯರು ಇಳಿದರು. ಹೋಗುವಾಗ, "ನಿಮ್ಮ ಠಾಣೆಯದ್ದು ಎಷ್ಟು ಅಗಲ ಆಗ್ತದಂತೆ?" ಅಂದರು. ಹೇಳಿದೆ. "ಎರಡು ಮೀಟರಾ? ನನ್ನ ಮೊದಲ ಕೋಣೆ ಅಷ್ಟಿರಲಿಲ್ಲ. ಅದರಲ್ಲಿ ಆರು ಜನ ಮಲಗ್ತಿದ್ದೆವು."

ಆಫೀಸು ಸೇರಿದಾಗ ಹನ್ನೊಂದೂವರೆ. ಸಾಹೇಬರು ಬಂದಿರಲಿಲ್ಲ. ಬ್ಲಾಕ್ ಅಲ್ವಾ, ಮನೆಯಿಂದಲೇ ಕೆಲಸವಂತೆ.

ಭಾನುವಾರ ಮಧ್ಯಾಹ್ನ ಕೆಲಸ ಮುಗಿಯಿತು. ಸೋಮವಾರ ಸಂಜೆ ಅಭ್ಯಾಸಬಲದಿಂದ ಚೀಲವನ್ನು ಎದೆಗೆ ಹಾಕಿಕೊಂಡು ಇಳಿದೆ. ಯಾರೂ ತಳ್ಳಲಿಲ್ಲ. ಒಂದು ಕ್ಷಣ ಬೇರೆ ಸ್ಟೇಷನ್ನಿನಲ್ಲಿ ಇಳಿದೆನೇನೋ ಅನಿಸಿತು. ಹಳೇ ನೆಲಕ್ಕೂ ಹೊಸದಕ್ಕೂ ನಡುವೆ ಉದ್ದಕ್ಕೂ ಒಂದು ಗೆರೆ. ಈ ಕಡೆಯ ಕಾಂಕ್ರೀಟಿಗೆ ಇನ್ನೂ ಪಾನಿನ ಕಲೆ ಬಿದ್ದಿರಲಿಲ್ಲ. ಅಂಚಿನಿಂದ ಆ ಗೆರೆಯವರೆಗೆ ಹೆಜ್ಜೆ ಎಣಿಸಿದೆ. ಮೂರೂವರೆ. ಹಿಂದಿನಿಂದ ಬಂದ ಹುಡುಗಿಯೊಬ್ಬಳು ನಾನು ಏನೋ ಬೀಳಿಸಿಕೊಂಡು ಹುಡುಕುತ್ತಿದ್ದೇನೆ ಅಂದುಕೊಂಡು, "ಕಾಕಾ, ಕಾಯ್ ಪಡಲಂ?" ಅಂತ ಕೇಳಿದಳು.

ಏನಿಲ್ಲ ಅಂತ ತಲೆಯಾಡಿಸಿ ಮೆಟ್ಟಿಲ ಕಡೆ ಹೊರಟೆ. ಮೆಟ್ಟಿಲು ಮೊದಲು ಎಷ್ಟಿತ್ತೋ ಅಷ್ಟೇ ಇತ್ತು. ಕೊಡೆಯ ತುದಿ ಕೆಳಗೆ ಮಾಡಿಕೊಂಡೆ.