ಗುಂಯ್ ಹೋಯಿತು, ಶ್ರುತಿಯೂ ಹೋಯಿತು

ಮೂರು ವಾರ ತಲೆ ತಿಂದ ಗುಂಯ್ ಸದ್ದು ಭಾನುವಾರ ರಾತ್ರಿ ನಿಂತಿತು. ಬೆನ್ನಿಗೇ ನಮ್ಮ ಬ್ಯಾಂಡ್ ಎಷ್ಟು ಕೆಟ್ಟದಾಗಿ ನುಡಿಸುತ್ತದೆ ಎಂಬುದು ಮೊದಲ ಸಲ ಸ್ಪಷ್ಟವಾಗಿ ಕೇಳಿಸಿತು.

ನಾನೇ ಕಟ್ಟಿದ ಗಿಟಾರ್ ಆಂಪ್ಲಿಫೈಯರ್‌ನ (ಆಂಪ್) ಪೆಟ್ಟಿಗೆ, ಸ್ಪೀಕರ್ ಕೆಲಸವೆಲ್ಲ ಕಳೆದ ತಿಂಗಳೇ ಮುಗಿದಿತ್ತು. ಗುಂಯ್‌ಗೆ ಮೊದಲು ಅನುಮಾನಿಸಿದ್ದು ಕರೆಂಟಿನ ಏರಿಳಿತ ಸಮ ಮಾಡುವ ಫಿಲ್ಟರ್ ಕೆಪಾಸಿಟರ್‌ಗಳನ್ನು. ಬೆಂಗಳೂರಿನ ಅಂಗಡಿಯವರಿಗೆ 63 ವೋಲ್ಟ್ ತಡೆಯುವುದು ಬೇಕೆಂದರೆ 25 ವೋಲ್ಟಿನದು ಬಂತು. ಫೋನ್ ಮಾಡಿದರೆ, "ಎರಡೂ ಒಂದೇ ಸರ್, ಬಣ್ಣ ನೋಡಿ." ಬಣ್ಣ ಒಂದೇ, ನಿಜ. ಸರಿಯಾದದ್ದು ಬರಲು ಒಂಬತ್ತು ದಿನ ಹಿಡಿಯಿತು. ಅಷ್ಟರಲ್ಲಿ ಮುಂದಿನ ಕೆಲಸ ಹೊಳೆಯಿತು: ಎರಡು ಎಸಿ128 ಜರ್ಮೇನಿಯಂ ಟ್ರಾನ್ಸಿಸ್ಟರ್‌ಗಳ ಫಝ್ ಪೆಡಲ್, ಅಂದರೆ ಗಿಟಾರಿನ ಸದ್ದನ್ನು ಒರಟು ಮಾಡುವ, ಕಾಲಲ್ಲಿ ಒತ್ತುವ ಡಬ್ಬಿ. ಡಬ್ಬಿಯಾಗಿ, ಕ್ಯಾತ್ಸಂದ್ರದಿಂದ ತಂದ ತಟ್ಟೆ ಇಡ್ಲಿಯ ಎರಡು ತಟ್ಟೆಗಳನ್ನು ಮುಖಾಮುಖಿ ಕೂರಿಸಬೇಕು. ಅಮ್ಮನಿಗೆ ಇನ್ನೂ ಹೇಳಿಲ್ಲ.

ಹೊಸ ಕೆಪಾಸಿಟರ್ ಹಾಕಿದರೂ ಗುಂಯ್ ಜಗ್ಗಲಿಲ್ಲ. ಫಿಲ್ಟರಿನ ದೋಷವಾಗಿದ್ದರೆ ಮನೆಯ ಕರೆಂಟಿನ 50 ಹರ್ಟ್ಸ್ (ಸೆಕೆಂಡಿಗೆ 50 ಕಂಪನ) ಇಮ್ಮಡಿಯಾಗಿ 100 ಕೇಳಿಸಬೇಕಿತ್ತು. ಶ್ರುತಿ ಅಳೆಯುವ ಟ್ಯೂನರ್ ತೋರಿಸಿದ್ದು 50. ಆಗ ಬುದ್ಧಿ ಬಂತು. ನಾವು ನುಡಿಸುವುದು ತಿಪಟೂರಿನ ಹತ್ತಿರದ ತೋಟದಲ್ಲಿ, ಕೊಬ್ಬರಿ ಅಟ್ಟದ ಕೆಳಗೆ. ಆಂಪ್‌ಗೆ ಮನೆಯ ಲೈನ್, ಮೈಕು, ವಾದ್ಯಗಳ ಸದ್ದು ಬೆರೆಸುವ ಮಿಕ್ಸರಿಗೆ ಪಂಪ್‌ಹೌಸಿನ ಲೈನ್. ಎರಡು ಅರ್ಥಿಂಗ್, ಒಂದು ಅನರ್ಥ: ಎರಡರ ನಡುವೆ ಹರಿದ ಕರೆಂಟೇ ಗುಂಯ್. ಎರಡನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಸಿಕ್ಕಿಸಿದೆ, ಸದ್ದಡಗಿತು. (ಅರ್ಥಿಂಗ್ ಪಿನ್ ಮುರಿದು ಹಾಕಿ ಎಂದ ಮಹನೀಯರು ಮೊದಲು ತಾವೇ ಮೈಕಿಗೆ ತುಟಿ ತಾಗಿಸಿ ಶಾಕ್ ತಿಂದು ತೋರಿಸಲಿ.)

ಆದರೆ 50 ಹರ್ಟ್ಸ್ ಎಂದರೆ ಮಂದ್ರದ ಜಿ ಸ್ವರಕ್ಕಿಂತ ಕೂದಲೆಳೆಯಷ್ಟು ಮೇಲೆ. ಅದನ್ನೇ ನಾವು ಗೊತ್ತಿಲ್ಲದೆ ಶ್ರುತಿಪೆಟ್ಟಿಗೆ ಮಾಡಿಕೊಂಡಿದ್ದೆವು! ಅದು ಹೋದದ್ದೇ ತಡ, ಬಾಸ್ ನುಡಿಸುವ ಭಾವ ಒಂದು ದಿಕ್ಕಿಗೆ, ನಾನು ಇನ್ನೊಂದು ದಿಕ್ಕಿಗೆ. ಡ್ರಮ್ ಬಾರಿಸುವ ತಮ್ಮ ಹಾಡು ಮುಗಿದ ಮೇಲೂ ನಾಲ್ಕು ಪೆಟ್ಟು ಹಾಕಿ, "ನೀವೇ ಬೇಗ ಮುಗಿಸಿದಿರಿ" ಎಂದ. ಅಟ್ಟದ ಮೇಲೆ ಕಾಯಿ ಹೊರಳಿಸುತ್ತಿದ್ದ ಅಪ್ಪ ಇಣುಕಿ, "ಏನಪ್ಪಾ, ಕೆಟ್ಟುಹೋಯಿತೇ?" ಎಂದು ಕೇಳಿದರು.

ಸಮಾಧಾನಕ್ಕೆ ದಿ ಶ್ಯಾಗ್ಸ್ ಹಾಕಿ ಕೇಳಿದೆವು. ಅಮೆರಿಕದ ನ್ಯೂ ಹ್ಯಾಂಪ್‌ಶೈರಿನ ಅಕ್ಕತಂಗಿಯರು, ಅಪ್ಪನ ಹಟಕ್ಕೆ ಕಟ್ಟಿದ ಬ್ಯಾಂಡ್, 1969ರ ಧ್ವನಿಮುದ್ರಿಕೆ. ಗಿಟಾರ್ ಒಂದು ಊರಿಗೆ, ಡ್ರಮ್ ಇನ್ನೊಂದು ಊರಿಗೆ; ಮುಖದಲ್ಲಿ ಮಾತ್ರ ಪರೀಕ್ಷೆಗೆ ಕುಳಿತಷ್ಟು ಶ್ರದ್ಧೆ ಇದ್ದಿರಬೇಕು. ನಗು ಬರುವುದು ಆ ಶ್ರದ್ಧೆಗೇ. ಸೋಮವಾರ ನಾವೂ ಬೇಕೆಂದೇ ಹಾಗೆ ನುಡಿಸಲು ಹೋದೆವು. ಆ ಒಂದು ಸಲ ಮೂವರೂ ಒಟ್ಟಿಗೆ ಮುಗಿಸಿದೆವು, ಕೇಳಲು ಸಪ್ಪೆ.

ಗುಂಯ್ ವಾಪಸ್ ಬರಲೇಬೇಕು ಎಂದು ಭಾವ ಹಟ ಹಿಡಿದರು. ತಮ್ಮನೂ ಅವರ ಕಡೆ. ಮಿಕ್ಸರಿನ ವೈರ್ ಈಗ ಮತ್ತೆ ಪಂಪ್‌ಹೌಸಿನಲ್ಲಿದೆ.