ಅಕ್ಕಿ ಹಕ್ಕಿಯಾದ ದಿನ

ಸುತ್ತಲಿನ ಶಾಲೆಗಳ ಉಸ್ತುವಾರಿಯ ಸಂಪನ್ಮೂಲ ವ್ಯಕ್ತಿ, ಅಂದರೆ ಸಿಆರ್‌ಪಿ ಸರ್, ಪಾಠ ವೀಕ್ಷಣೆಗೆ ಬಂದ ದಿನ ನನ್ನ ಐದನೇ ತರಗತಿಯಲ್ಲಿ ನಡೆದದ್ದು ಈಗಲೂ ಚುಚ್ಚುತ್ತದೆ. ನಮ್ಮದು ಮಂಡ್ಯ ಕಡೆಯ ಹಳ್ಳಿ ಶಾಲೆ. ನಿನ್ನೆ ಮನೆಯಲ್ಲಿ ಏನೇನಾಯಿತು ಎಂದು ನಾಲ್ಕು ಸಾಲು ಬರೆಸಿ, ಹಿಂದೆ ಕೂತಿದ್ದ ಹುಡುಗನನ್ನು ಎಬ್ಬಿಸಿದೆ. ಅವನು ಓದಿದ: "ಅಮ್ಮ ಹಕ್ಕಿ ಬೇಯಿಸಿದಳು."

ಮಕ್ಕಳೆಲ್ಲ ಗೊಳ್ಳೆಂದು ನಕ್ಕರು. "ಸರಿಯಾಗಿ ನೋಡಿ ಓದು" ಎಂದೆ. ಮತ್ತೆ ಹಕ್ಕಿಯೇ. ಸರ್ ನಮೂನೆಯಲ್ಲಿ ಏನೋ ಬರೆದುಕೊಳ್ಳುತ್ತಿದ್ದರು. "ಹಕ್ಕೀನಾ?" ಎಂದು ದನಿ ಏರಿಸಿಬಿಟ್ಟೆ. ಅವನು ಆ ಪದದ ಮೇಲೆ ಬೆರಳಿಟ್ಟು ನನ್ನ ಮುಖ ನೋಡಿದ. ತುಟಿ ಅಲುಗಿತು, ಮಾತು ಬರಲಿಲ್ಲ. ಪುಸ್ತಕ ಮಡಚಿ ಕೂತ.

ಸಂಜೆ ನಮ್ಮ ಹಿರಿಯ ಮೇಡಂ ಅವನ ಪುಸ್ತಕವನ್ನು ಮೊದಲಿನಿಂದ ತಿರುವಿದರು. ಜೂನ್‌ನಲ್ಲಿ 'ಆಲು', 'ಅಣ್ಣು'. ಪ್ರತಿಯೊಂದಕ್ಕೂ ನನ್ನ ಕೆಂಪು ಶಾಯಿಯ 'ಹ'. ಆಗಸ್ಟ್ ಹೊತ್ತಿಗೆ 'ಹಾನೆ', 'ಹೆಲೆ', 'ಹಕ್ಕಿ'.

"ಪಾಪ, ನೀವು ಹೇಳಿದ್ದನ್ನೇ ಮಾಡಿದಾನೆ ಕಣಮ್ಮ. ಎಲ್ಲಾ ಕಡೆ ಮಾಡಿದಾನೆ, ಅಷ್ಟೇ" ಎಂದರು.

ಹಳಗನ್ನಡದ ಪಾಲು ಹಾಲಾಯಿತು, ಅದೇ ನಮ್ಮ ಕಡೆಯ ಮನೆಗಳಲ್ಲಿ ಆಲಾಯಿತು. ಬಿ.ಎಡ್. ಮಾಡಿದ ನನಗೆ ಇದು ಗೊತ್ತಿಲ್ಲದ್ದೇನಲ್ಲ. ಸರ್ಕಾರದ ಆನ್‌ಲೈನ್ ಕಲಿಕಾ ತಾಣ ದೀಕ್ಷಾದಲ್ಲಿ ಶಿಕ್ಷಕರ ತರಬೇತಿಯ ನಿಷ್ಠಾ ಕೋರ್ಸ್ ಮುಗಿಸಿ, ಮನೆಭಾಷೆಯ ಪ್ರಶ್ನೆಗಳಿಗೆ ಸರಿ ಉತ್ತರ ಒತ್ತಿ ಪ್ರಮಾಣಪತ್ರವನ್ನೂ ಇಳಿಸಿಕೊಂಡಿದ್ದೆ. ಆದರೆ ಮನೆಭಾಷೆ ಎಂದರೆ ಲಂಬಾಣಿ, ಉರ್ದು, ತೆಲುಗು ಎಂದೇ ನನ್ನ ತಲೆಯಲ್ಲಿತ್ತು. ಕನ್ನಡದ ಮನೆಯಲ್ಲೂ ಪುಸ್ತಕದ್ದಲ್ಲದ ಕನ್ನಡ ಇದೆ, ಅದೂ ಮನೆಭಾಷೆಯೇ ಎಂದು ಹೊಳೆದಿರಲಿಲ್ಲ.

2020ರ ರಾಷ್ಟ್ರೀಯ ಶಿಕ್ಷಣ ನೀತಿ ಶಿಕ್ಷಕರ ವೃತ್ತಿ ಬೆಳವಣಿಗೆಗೆ ವರ್ಷಕ್ಕೆ ಕನಿಷ್ಠ 50 ಗಂಟೆ ಹೇಳುತ್ತದೆ. ಒಳ್ಳೆಯದೇ. ಆದರೆ ಕಳಿಸಬೇಕಾದದ್ದು ಪ್ರಮಾಣಪತ್ರ ಮಾತ್ರ, ಅದೂ ಇವತ್ತು ಸಂಜೆಯೊಳಗೆ. ಮಕ್ಕಳ ಪುಸ್ತಕ ತನ್ನಿ, ಕೂತು ನೋಡೋಣ ಎಂದು ಸುತ್ತಲಿನ ಶಾಲೆಗಳ ಶಿಕ್ಷಕರು ಸೇರುವ ಸಮಾಲೋಚನಾ ಸಭೆಯಲ್ಲಿ ಒಬ್ಬರೂ ಕೇಳಿದ್ದಿಲ್ಲ. ನನಗೆ ಆ ವರ್ಷ ಕಲಿಸಿದ್ದು ಮೇಡಂ ಪುಟ ತಿರುವಿದ ಇಪ್ಪತ್ತು ನಿಮಿಷ.

ಕೆಂಪು ಶಾಯಿ ಬಿಟ್ಟು ಜೋಡಿ ಪದಗಳನ್ನು ಹಿಡಿದೆ: ಅಕ್ಕಿ–ಹಕ್ಕಿ, ಅತ್ತಿ–ಹತ್ತಿ, ಉಳಿ–ಹುಳಿ, ಆರು–ಹಾರು. ಒಬ್ಬರು ಪದ ಹೇಳಬೇಕು, ಇನ್ನೊಬ್ಬರು ಚಿತ್ರ ಎತ್ತಬೇಕು. ಮನೆಯ 'ಆಲು' ತಪ್ಪಲ್ಲ, ಬರೆಯುವಾಗ 'ಹಾಲು' ಎಂದು ಬಾಯಿಬಿಟ್ಟು ಹೇಳಿದೆ. ಮುಂದಿನ ಸಮಾಲೋಚನಾ ಸಭೆಗೆ ಮೂರು ಪುಸ್ತಕ ಒಯ್ದೆ. ಊಟದ ಬಿಡುವಿನಲ್ಲಿ ನಾಲ್ಕು ಜನ ಸುತ್ತ ಕೂತು ನೋಡಿದರು.

ಹುಡುಗ ಈಗ ಅಕ್ಕಿ ಎಂದೇ ಬರೆಯುತ್ತಾನೆ. ಜೋರಾಗಿ ಓದು ಎಂದರೆ ಮಾತ್ರ ಮೊದಲು ನನ್ನ ಮುಖ ನೋಡುತ್ತಾನೆ.